ಹಾರ್ಡ್ ಡಿಸ್ಕ್ ಇಲ್ಲದ ಡಬ್ಬಿಯೇ ಒಳ್ಳೇ ಪ್ರಾಜೆಕ್ಟು

ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಮುಂದೆ ಒಮ್ಮೆಯಾದರೂ ನಿಂತವರು ಇದನ್ನು ನೋಡಿರುತ್ತಾರೆ. ಇಟ್ಟಿಗೆ ಪೇರಿಸಿದ ಹಾಗೆ ಪೇರಿಸಿಟ್ಟ ಪುಟ್ಟ ಪುಟ್ಟ ಕಂಪ್ಯೂಟರ್‌ಗಳು. ಯಾವುದೋ ಆಫೀಸಿನ ಆಸ್ತಿ ಸಂಖ್ಯೆಯ ಸ್ಟಿಕ್ಕರ್ ಇನ್ನೂ ಬೆನ್ನಿಗೆ ಅಂಟಿಕೊಂಡಿರುತ್ತದೆ. ಬೆಲೆ ಕೇಳಿದರೆ ಅಂಗಡಿಯವರು ಮೊದಲೇ ಹೇಳಿಬಿಡುತ್ತಾರೆ, ‘ಹಾರ್ಡ್ ಡಿಸ್ಕ್ ಇಲ್ಲ ನೋಡಿ, ಆಮೇಲೆ ಬಂದು ಜಗಳ ಮಾಡ್ಬೇಡಿ’. ಕಂಪನಿಗಳು ಹಳೆಯ ಯಂತ್ರ ಮಾರುವಾಗ ಒಳಗಿನ ಮಾಹಿತಿ ಹೊರಗೆ ಹೋಗಬಾರದೆಂದು ಡಿಸ್ಕನ್ನು ಕಿತ್ತು ಇಟ್ಟುಕೊಳ್ಳುತ್ತವೆ, ಇಲ್ಲವೇ ಪುಡಿ ಮಾಡಿಸುತ್ತವೆ. ಉಳಿಯುವುದು ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್ ಸಾಕೆಟ್ ಎಲ್ಲ ಇದ್ದೂ ನೆನಪು ಮಾತ್ರ ಇಲ್ಲದ ಡಬ್ಬಿ.

ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ಇಂಥದೊಂದು ಡಬ್ಬಿ ತಂದು, ಅದಕ್ಕೆ ಡಿಸ್ಕ್ ಹಾಕದೆಯೇ, ಬರೀ ನೆಟ್‌ವರ್ಕ್ ಕೇಬಲ್ ಮೂಲಕ ಅದನ್ನು ಚಾಲೂ ಮಾಡಿ, ಮನೆಯ ಟಿ.ವಿ.ಗೆ ಜೋಡಿಸಿ ಸಿನಿಮಾ ಓಡಿಸಬೇಕು ಎಂಬುದು ನನ್ನ ವಾದ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲು ಸಾಕು. ಕಲಿಯುವುದು ಮಾತ್ರ ಆ ಪ್ರಾಜೆಕ್ಟಿಗಿಂತ ಹೆಚ್ಚು.

ಪ್ರಾಜೆಕ್ಟಿನ ವಿಷಯ ಎತ್ತಿದ್ದಕ್ಕೆ ಕಾರಣ ಇದೆ. ಕಾಲೇಜುಗಳ ಸುತ್ತಮುತ್ತ ಜೆರಾಕ್ಸ್ ಅಂಗಡಿಗಳಿಗೆ ಪೈಪೋಟಿ ಕೊಡುವಷ್ಟು ಪ್ರಾಜೆಕ್ಟ್ ಅಂಗಡಿಗಳಿವೆ. ಕೋಡು, ರಿಪೋರ್ಟು, ಪಿಪಿಟಿ, ಜೊತೆಗೆ ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ, ಎಲ್ಲ ಒಂದೇ ಪ್ಯಾಕೇಜು. ಮದುವೆ ಕಾಂಟ್ರ್ಯಾಕ್ಟಿನವರು ಊಟದಿಂದ ಓಲಗದವರೆಗೆ ಒದಗಿಸುವ ಹಾಗೆ. ಹಾಗಾಗಿಯೇ ಪ್ರತಿ ವರ್ಷವೂ ಮುಖ ನೋಡಿ ಹಾಜರಿ ಹಾಕುವ ಯಂತ್ರ, ಎಲೆ ನೋಡಿ ರೋಗ ಹೇಳುವ ಆ್ಯಪ್ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಆ ಆ್ಯಪ್‌ಗಳಲ್ಲಿ ಒಂದೂ ನಮ್ಮ ಅಡಿಕೆ ತೋಟದ ಕೊಳೆರೋಗಕ್ಕೆ ಇದುವರೆಗೆ ದಾರಿ ತೋರಿಸಿಲ್ಲ, ಆ ಮಾತು ಬೇರೆ.

ಲ್ಯಾಬ್ ಕಥೆಯೂ ಹೆಚ್ಚು ಬೇರೆಯಲ್ಲ. ಕಂಪ್ಯೂಟರ್ ನೆಟ್‌ವರ್ಕ್ ಲ್ಯಾಬ್‌ನಲ್ಲಿ ನಾವು ಸಿಮ್ಯುಲೇಟರ್ ತೆರೆದು ಮೂರು ನೋಡ್‌ಗಳ ಜಾಲ ಕಟ್ಟಿದೆವು. ಪರದೆಯ ಮೇಲೆ ಮೂರು ವೃತ್ತ, ಎರಡು ಗೆರೆ, ಅವುಗಳ ನಡುವೆ ಓಡಾಡುವ ಬಣ್ಣದ ಚುಕ್ಕೆಗಳು. ಎಷ್ಟು ಪ್ಯಾಕೆಟ್ ಬಿದ್ದುಹೋದವು ಎಂದು ಎಣಿಸಿ, ರೆಕಾರ್ಡ್ ಬುಕ್ಕಿನಲ್ಲಿ ಬರೆದು, ಸಹಿ ಹಾಕಿಸಿಕೊಂಡೆವು. ನಿಜವಾದ ಪ್ಯಾಕೆಟ್ ಒಂದನ್ನೂ ಕಣ್ಣಿಂದ ನೋಡಲಿಲ್ಲ. ಸಿಮ್ಯುಲೇಟರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಈಜು ಕಲಿಸುವ ಚಿತ್ರಪಟ ಒಳ್ಳೆಯದೇ, ಆದರೆ ಹೊಳೆಯೂ ಬೇಕಲ್ಲ?

ಈಗ ಡಬ್ಬಿಗೆ ಬರೋಣ. ಕಂಪ್ಯೂಟರಿನ ಸ್ವಿಚ್ ಒತ್ತಿದಾಗ ಅದು ಮೊದಲು ಹುಡುಕುವುದು ಆಪರೇಟಿಂಗ್ ಸಿಸ್ಟಮ್ ಎಲ್ಲಿದೆ ಎಂದು. ಸಾಮಾನ್ಯವಾಗಿ ಅದು ಒಳಗಿನ ಡಿಸ್ಕಿನಲ್ಲಿರುತ್ತದೆ. ಡಿಸ್ಕೇ ಇಲ್ಲದಿದ್ದರೆ? ಬಯಾಸ್‌ನಲ್ಲಿ ‘ನೆಟ್‌ವರ್ಕ್ ಬೂಟ್’ ಎಂಬ ಆಯ್ಕೆ ಇರುತ್ತದೆ, ನಮ್ಮಲ್ಲಿ ಹೆಚ್ಚಿನವರು ಅದನ್ನು ಎಂದೂ ಮುಟ್ಟಿರುವುದಿಲ್ಲ. ಅದನ್ನು ಆನ್ ಮಾಡಿದರೆ ಕಂಪ್ಯೂಟರ್ ತನ್ನ ಕೇಬಲ್ ಮೂಲಕ ಹೊರಗೆ ಕೂಗಲು ಶುರು ಮಾಡುತ್ತದೆ. ಅದರ ಆಗಿನ ಸ್ಥಿತಿ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನದು. ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಹೆಸರೊಂದು ಗೊತ್ತು. ಆ ಹೆಸರೇ ನೆಟ್‌ವರ್ಕ್ ಕಾರ್ಡಿನ 48 ಬಿಟ್‌ಗಳ ಮ್ಯಾಕ್ ವಿಳಾಸ. ‘ನಾನು ಇಂಥವನು, ನನಗೊಂದು ಐಪಿ ವಿಳಾಸ ಕೊಡಿ, ನನ್ನ ಬೂಟ್ ಫೈಲ್ ಎಲ್ಲಿದೆ ಹೇಳಿ’ ಎಂದು ಅದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ. ಪರೀಕ್ಷೆಯಲ್ಲಿ ನಾವು ‘ಬ್ರಾಡ್‌ಕಾಸ್ಟ್’ ಎಂದು ಬರೆಯುವುದು ಈ ಕೂಗನ್ನೇ.

ಡಿಎಚ್‌ಸಿಪಿ ಸರ್ವರ್ ಅದಕ್ಕೆ ಒಂದು ವಿಳಾಸ ಕೊಡುತ್ತದೆ, ಇಂಥ ಸರ್ವರ್‌ನಲ್ಲಿ ಇಂಥ ಹೆಸರಿನ ಫೈಲ್ ಇದೆ, ಹೋಗಿ ತಗೋ ಎನ್ನುತ್ತದೆ. ಕಂಪ್ಯೂಟರ್ ಟಿಎಫ್‌ಟಿಪಿ ಎಂಬ ತೀರಾ ಸರಳವಾದ ವಿಧಾನದಲ್ಲಿ ಆ ಫೈಲನ್ನು ತರಿಸಿಕೊಳ್ಳುತ್ತದೆ. ಆ ಪುಟ್ಟ ಫೈಲ್ ಲಿನಕ್ಸ್ ಕರ್ನೆಲ್ಲನ್ನು ತರಿಸುತ್ತದೆ. ಕರ್ನೆಲ್ ಎದ್ದು ಕೂತು, ಎನ್‌ಎಫ್‌ಎಸ್ ಮೂಲಕ ಸರ್ವರ್‌ನಲ್ಲಿರುವ ಒಂದು ಫೋಲ್ಡರನ್ನೇ ತನ್ನ ಡಿಸ್ಕೆಂದು ತಿಳಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅದು ಬೇರೆಲ್ಲ ಕಂಪ್ಯೂಟರ್‌ಗಳಂತೆಯೇ.

ಇದೇನೂ ಹೊಸ ಜಾದೂ ಅಲ್ಲ. 1980ರ ದಶಕದಲ್ಲಿ ಡಿಸ್ಕ್ ದುಬಾರಿಯಾಗಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್‌ಗಳನ್ನೇ ಮಾರುತ್ತಿತ್ತು. ಎನ್‌ಎಫ್‌ಎಸ್ ಹುಟ್ಟಿದ್ದು ಅದೇ ಕಂಪನಿಯಲ್ಲಿ, 1984ರಲ್ಲಿ. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಬಿಲ್ ಕ್ರಾಫ್ಟ್ ಮತ್ತು ಸನ್‌ನ ಜಾನ್ ಗಿಲ್ಮೋರ್ ಸೇರಿ ಬೂಟ್‌ಪಿ ಎಂಬ ನಿಯಮಾವಳಿ ಬರೆದರು. ಆರ್‌ಎಫ್‌ಸಿ 951 ಎಂಬುದು ಅದರ ಸಂಖ್ಯೆ, ಕೆಲವೇ ಪುಟಗಳ ದಾಖಲೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. 1993ರಲ್ಲಿ ಬಂದ ಡಿಎಚ್‌ಸಿಪಿ ಅದರ ಮೇಲೆಯೇ ಕಟ್ಟಿದ್ದು. ನಿಮ್ಮ ಮೊಬೈಲ್ ಇವತ್ತು ಬೆಳಿಗ್ಗೆ ವೈಫೈಗೆ ಸೇರುವಾಗ ಕಳಿಸಿದ ಪ್ಯಾಕೆಟ್ಟಿನ ಅಂಗಾಂಗಗಳು ಡಿಸ್ಕ್ ಇಲ್ಲದ ಯಂತ್ರಕ್ಕಾಗಿ 1985ರಲ್ಲಿ ರೂಪಿಸಿದ ಅಂಗಾಂಗಗಳೇ. ಆ ಪ್ಯಾಕೆಟ್ಟಿನಲ್ಲಿ ಬೂಟ್ ಫೈಲಿನ ಹೆಸರಿಗೆಂದು 128 ಬೈಟ್‌ಗಳ ಜಾಗ ಇಂದಿಗೂ ಇದೆ. ಪುಸ್ತಕದಲ್ಲಿ ಈ ಚಿತ್ರ ನೋಡಿದಾಗ ಇದು ಯಾಕಪ್ಪಾ ಎಂದು ನಮ್ಮ ಬೆಂಚಿನಲ್ಲಿ ಯಾರೂ ಕೇಳಿರಲಿಲ್ಲ. ಡಬ್ಬಿ ತಂದ ಮೇಲೆ ಆ ಖಾಲಿ ಜಾಗಕ್ಕೆ ಅರ್ಥ ಬಂತು.

ಈ ಕೆಲಸದ ನಿಜವಾದ ಸೊಗಸು ಇರುವುದು ಅದು ಕೊಡುವ ದೋಷ ಸಂದೇಶಗಳಲ್ಲಿ. ನೆಟ್‌ವರ್ಕ್ ಬೂಟ್‌ಗೆ ಇಂಟೆಲ್ 1990ರ ದಶಕದ ಕೊನೆಯಲ್ಲಿ ರೂಪಿಸಿದ ವ್ಯವಸ್ಥೆಗೆ ಪಿಎಕ್ಸ್‌ಇ ಎಂದು ಹೆಸರು, ಬಾಯಲ್ಲಿ ‘ಪಿಕ್ಸಿ’. ಹಳೆಯ ಬಯಾಸ್ ಇರುವ ಯಂತ್ರದಲ್ಲಿ ಏನಾದರೂ ಕೊರತೆಯಾದರೆ ಕಪ್ಪು ಪರದೆಯ ಮೇಲೆ ಒಂದು ಸಂಕೇತ ಮೂಡುತ್ತದೆ. ಆ ಸಂಕೇತಗಳನ್ನು ಸಾಲಾಗಿ ಇಟ್ಟುಕೊಂಡರೆ ಅದೇ ಒಂದು ಸೆಮಿಸ್ಟರಿನ ಪಠ್ಯ.

ಇ61 ಬಂದರೆ ಕೇಬಲ್ ನೋಡು ಎಂದರ್ಥ. ವಿಷಯ ಇನ್ನೂ ತಾಮ್ರದ ತಂತಿಯ ಮಟ್ಟದಲ್ಲೇ ಇದೆ. ಕೇಬಲ್ಲಿನ ತುದಿಗೆ ಕನೆಕ್ಟರ್ ಕೂರಿಸುವಾಗ ಎಂಟು ತಂತಿಗಳ ಬಣ್ಣದ ಕ್ರಮ ಸರಿ ಇರಬೇಕು. 100 ಎಂಬಿಪಿಎಸ್ ವೇಗಕ್ಕೆ ಅವುಗಳಲ್ಲಿ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕ್ರಿಂಪಿಂಗ್ ಟೂಲ್ ಹಿಡಿದು ಒಂದು ಸಲ ಮಾಡಿದವರಿಗೆ ಇದು ಜೀವಮಾನದಲ್ಲಿ ಮರೆಯುವುದಿಲ್ಲ. ಇ51 ಬಂದರೆ ತಂತಿ ಸರಿ ಇದೆ, ಕೂಗಿದ್ದೂ ಆಯಿತು, ಆದರೆ ಯಾರೂ ಉತ್ತರ ಕೊಡಲಿಲ್ಲ, ಅಂದರೆ ಡಿಎಚ್‌ಸಿಪಿ ಇಲ್ಲ. ಹೊಸ ಯುಇಎಫ್‌ಐ ಯಂತ್ರಗಳಲ್ಲಿ ಇದೇ ಮಾತು ಇ16 ಎಂಬ ವೇಷದಲ್ಲಿ ಬರುತ್ತದೆ. ಇ53 ಬಂದರೆ ಖುಷಿಪಡಬೇಕು: ವಿಳಾಸ ಸಿಕ್ಕಿದೆ, ಬೂಟ್ ಫೈಲಿನ ಹೆಸರು ಮಾತ್ರ ಸಿಕ್ಕಿಲ್ಲ. ಇ32 ಅಂದರೆ ಹೆಸರೂ ಸಿಕ್ಕಿತು, ಬಾಗಿಲು ತಟ್ಟಿದ್ದಾಯಿತು, ಒಳಗಿನವರು ಓಗೊಡುತ್ತಿಲ್ಲ. ಆಗ ಸರ್ವರ್‌ನ ಫೈರ್‌ವಾಲ್‌ನಲ್ಲಿ ಯುಡಿಪಿ 69ನೇ ಪೋರ್ಟ್ ತೆರೆದಿದೆಯೇ ನೋಡಬೇಕು. ಇದೆಲ್ಲ ದಾಟಿದ ಮೇಲೆ ಕರ್ನೆಲ್ ಬಂದು, ರೂಟ್ ಫೈಲ್ ಸಿಸ್ಟಮ್ ಸಿಗದೆ ‘ಪ್ಯಾನಿಕ್’ ಎಂದು ಚೀರಿದರೆ, ನೀವು ಕೊನೆಯ ಮೆಟ್ಟಿಲಲ್ಲಿದ್ದೀರಿ ಎಂದು ತಿಳಿಯಿರಿ.

ಓಎಸ್‌ಐ ಮಾದರಿಯ ಏಳು ಪದರಗಳನ್ನು ನಾವೆಲ್ಲ ಯಾವುದೋ ಇಂಗ್ಲಿಷ್ ವಾಕ್ಯದ ಮೊದಲಕ್ಷರ ಇಟ್ಟುಕೊಂಡು ಬಾಯಿಪಾಠ ಮಾಡಿದವರೇ. ಆದರೆ ಒಂದು ಪದರ ಸರಿಯಾದರೆ ಮಾತ್ರ ಅದರ ಮೇಲಿನದು ತನ್ನ ತಕರಾರು ಹೇಳಲು ಶುರು ಮಾಡುತ್ತದೆ ಎಂಬುದನ್ನು ಯಾವ ಬಾಯಿಪಾಠವೂ ಹೇಳಲಿಲ್ಲ. ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಇದು ಕಾಣಿಸುವುದೂ ಇಲ್ಲ. ಅಲ್ಲಿ ನೆಟ್‌ವರ್ಕ್ ಕೆಟ್ಟರೆ ಬ್ರೌಸರ್ ಒಂದೇ ಒಂದು ಬೇಸರದ ಪುಟ ತೋರಿಸಿ ಸುಮ್ಮನಾಗುತ್ತದೆ.

ಸರ್ವರ್ ಕಡೆಯಲ್ಲಿ ವೈರ್‌ಶಾರ್ಕ್ ಓಡಿಸಿ ಕುಳಿತರೆ ಇನ್ನೊಂದು ತಮಾಷೆ ಕಾಣುತ್ತದೆ. ಟಿಎಫ್‌ಟಿಪಿ ಫೈಲನ್ನು 512 ಬೈಟ್‌ಗಳ ತುಂಡುಗಳಾಗಿ ಕಳಿಸುತ್ತದೆ, ಒಂದು ತುಂಡು ಮುಟ್ಟಿತು ಎಂದು ಉತ್ತರ ಬರುವ ತನಕ ಮುಂದಿನದನ್ನು ಕಳಿಸುವುದಿಲ್ಲ. ಅರೆ, ಇದು ‘ಸ್ಟಾಪ್ ಅಂಡ್ ವೇಟ್’ ಅಲ್ಲವೇ! ಹತ್ತು ಅಂಕಕ್ಕೆ ಅದರ ದಕ್ಷತೆಯ ಸೂತ್ರ ಬರೆದು, ಇದನ್ನು ಈಗ ಯಾರು ಬಳಸುತ್ತಾರೆ ಎಂದು ಎಲ್ಲರೂ ನಕ್ಕ ವಿಷಯ. 10 ಎಂಬಿ ಕರ್ನೆಲ್ ಅಂದರೆ 20,480 ತುಂಡು, ಅಷ್ಟೇ ಉತ್ತರಗಳು. ಪ್ರತಿ ಹೋಗಿಬರುವಿಕೆಗೆ ಅರ್ಧ ಮಿಲಿಸೆಕೆಂಡ್ ಹಿಡಿದರೂ ಹತ್ತು ಸೆಕೆಂಡು ಬರೀ ಕಾಯುವುದಕ್ಕೇ ಹೋಗುತ್ತದೆ.

ತುಂಡಿನ ಗಾತ್ರ ಹೆಚ್ಚಿಸಬಹುದು. ಎಷ್ಟು ಹೆಚ್ಚಿಸಬಹುದು ಎಂಬ ಲೆಕ್ಕ ಇನ್ನೂ ಚೆಂದ. ಈಥರ್ನೆಟ್ ಚೌಕಟ್ಟಿನಲ್ಲಿ ಹಿಡಿಯುವುದು 1,500 ಬೈಟ್. ಅದರಲ್ಲಿ ಐಪಿ ತಲೆಬರಹಕ್ಕೆ 20, ಯುಡಿಪಿಗೆ 8, ಟಿಎಫ್‌ಟಿಪಿಗೆ 4 ಕಳೆದರೆ ಉಳಿಯುವುದು 1,468. ಸರ್ವರ್‌ಗೆ ಈ ಸಂಖ್ಯೆ ಹೇಳಿಕೊಟ್ಟರೆ 20,480 ತುಂಡುಗಳು 7,143ಕ್ಕೆ ಇಳಿಯುತ್ತವೆ, ಕಾಯುವ ಸಮಯ ಮೂರನೇ ಒಂದರಷ್ಟಾಗುತ್ತದೆ. ಈ ಕಳೆಯುವ ಲೆಕ್ಕ ಪುಸ್ತಕದಲ್ಲಿ ಬಂದಿದ್ದರೆ ನಾನು ಪುಟ ತಿರುಗಿಸಿ ಮುಂದೆ ಹೋಗುತ್ತಿದ್ದೆ. ಟಿ.ವಿ. ಮುಂದೆ ಮನೆಯವರೆಲ್ಲ ಕಾಯುತ್ತಾ ಕುಳಿತಿರುವಾಗ ಮಾಡಿದ್ದರಿಂದ ಅದಕ್ಕೊಂದು ಬೆಲೆ.

ಹಾಗಾದರೆ ಬರೀ ಕಲಿಕೆಗೆ ಇಷ್ಟೆಲ್ಲ ಒದ್ದಾಟವೇ, ಮನೆಗೆ ಇದರಿಂದ ಏನು ಲಾಭ ಎಂದು ಕೇಳಬಹುದು. ನಮ್ಮೂರು ಸಾಗರದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಎಣಿಸುವ ಅಭ್ಯಾಸವನ್ನು ನಮ್ಮವರು ಬಿಟ್ಟಿದ್ದಾರೆ. ಓದುತ್ತಾ ಬರೆಯುತ್ತಾ ಇರುವ ಡಿಸ್ಕಿಗೆ ಕರೆಂಟು ದಢಕ್ಕನೆ ಹೋಗುವುದು ಒಳ್ಳೆಯದಲ್ಲ ಎಂದು ಬೇರೆ ಹೇಳಬೇಕಿಲ್ಲ. ಇದರ ಜೊತೆಗೆ ನಮ್ಮಮ್ಮನಿಗೆ ಸಿನಿಮಾ ಮುಗಿದ ಕೂಡಲೇ ಗೋಡೆಯ ಸ್ವಿಚ್ಚನ್ನೇ ಆರಿಸುವ ಶಿಸ್ತು. ‘ಶಟ್ ಡೌನ್ ಮಾಡ್ಬೇಕಮ್ಮಾ’ ಎಂದರೆ ‘ಮಿಕ್ಸಿಗೆ ಇಲ್ಲದ್ದು ಇದಕ್ಕೆಂತಕ್ಕೆ?’ ಎಂಬ ಉತ್ತರ ಸಿದ್ಧವಿರುತ್ತದೆ. ಯೋಚಿಸಿದರೆ ಅಮ್ಮ ಕೇಳುವುದರಲ್ಲಿ ತಪ್ಪಿಲ್ಲ. ಮನೆಯ ಪಡಸಾಲೆಯಲ್ಲಿ ಇಡುವ ಯಂತ್ರ ಮಿಕ್ಸಿಯಷ್ಟೇ ಸರಳವಾಗಿರಬೇಕು.

ಡಿಸ್ಕ್ ಇಲ್ಲದ ಡಬ್ಬಿ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನಮ್ಮಲ್ಲಿ ಓಡುವುದು ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್, ಅದರ ಮೇಲೆ ಕೋಡಿ ಎಂಬ ಮಾಧ್ಯಮ ತಂತ್ರಾಂಶ. ಎರಡೂ ಉಚಿತ. ಲಿಬ್ರೆಎಲೆಕ್‌ನಲ್ಲಿ ಮುಖ್ಯವಾಗಿ ಇರುವುದು ಎರಡೇ ಫೈಲ್: ಒಂದು ಕರ್ನೆಲ್, ಇನ್ನೊಂದು ಇಡೀ ವ್ಯವಸ್ಥೆಯನ್ನು ಒತ್ತಿ ತುಂಬಿದ, ಓದಲು ಮಾತ್ರ ಬರುವ ಫೈಲ್. ಸೆಟ್ಟಿಂಗ್, ನೋಡಿದ ಸಿನಿಮಾಗಳ ಪಟ್ಟಿ ಮುಂತಾದ ಬರೆಯುವ ಬಾಬ್ತೆಲ್ಲ ಒಳಕೋಣೆಯಲ್ಲಿರುವ ಸರ್ವರ್‌ನಲ್ಲಿ. ಹಾಗಾಗಿ ಸ್ವಿಚ್ ಆರಿಸಿದರೆ ಪಡಸಾಲೆಯ ಡಬ್ಬಿಯಲ್ಲಿ ಹಾಳಾಗಲು ಏನೂ ಇಲ್ಲ.

ಸರ್ವರ್ ಎಂದ ಕೂಡಲೇ ದೊಡ್ಡದೇನೋ ಎಂದು ಹೆದರಬೇಡಿ. ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಅದು. ಇಂಥ ಕೆಲಸಕ್ಕೆ ಲ್ಯಾಪ್‌ಟಾಪಿಗಿಂತ ಒಳ್ಳೆಯ ಸರ್ವರ್ ಇಲ್ಲ, ಏಕೆಂದರೆ ಅದರ ಬ್ಯಾಟರಿಯೇ ಯುಪಿಎಸ್. ಕರೆಂಟು ಹೋದಾಗ ಪಡಸಾಲೆಯದು ಆರುತ್ತದೆ, ಒಳಗಿನದು ಉಸಿರಾಡುತ್ತಲೇ ಇರುತ್ತದೆ, ಕರೆಂಟು ಬಂದ ಮೇಲೆ ಡಬ್ಬಿ ಮತ್ತೆ ಕೂಗಿ ಎಲ್ಲವನ್ನೂ ತರಿಸಿಕೊಳ್ಳುತ್ತದೆ. ಸಿನಿಮಾ ಓಡುತ್ತಿರುವಾಗ ಬೇಕೆಂದೇ ಕೇಬಲ್ ಕಿತ್ತು ನೋಡಿ. ತುಂಬಿಟ್ಟುಕೊಂಡಷ್ಟು ಓಡಿ ಚಿತ್ರ ನಿಲ್ಲುತ್ತದೆ. ಕರ್ನೆಲ್ಲಿನ ದಾಖಲೆಯಲ್ಲಿ ‘ಸರ್ವರ್ ಉತ್ತರಿಸುತ್ತಿಲ್ಲ, ಪ್ರಯತ್ನಿಸುತ್ತಿದ್ದೇನೆ’ ಎಂಬ ಅರ್ಥದ ಸಾಲು ಬೀಳುತ್ತದೆ. ಕೂಡಲೇ ಮತ್ತೆ ಚುಚ್ಚಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ತಾಳ್ಮೆಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಎನ್‌ಎಫ್‌ಎಸ್.

ಮನೆಯಲ್ಲಿ ಈ ಡಬ್ಬಿಯಿಂದ ಹೆಚ್ಚು ಓಡುವುದು ಸಿನಿಮಾಗಳೂ ಅಲ್ಲ. ಅಜ್ಜ ತಾಳಮದ್ದಲೆಯಲ್ಲಿ ಅರ್ಥ ಹೇಳಿದ ಕ್ಯಾಸೆಟ್‌ಗಳು, ಅತ್ತೆಯ ಮದುವೆಯ ವಿಸಿಡಿಗಳು. ಮಲೆನಾಡಿನ ಥಂಡಿಗೆ ಕ್ಯಾಸೆಟ್ಟಿನ ಟೇಪಿಗೂ ಬೂಸ್ಟು ಹಿಡಿಯುತ್ತದೆ, ವಿಸಿಡಿಯ ಹೊಳಪೂ ಮಾಸುತ್ತದೆ. ಅಜ್ಜನ ದನಿ ಉಳಿದಿರುವುದು ಆ ಟೇಪುಗಳಲ್ಲಿ ಮಾತ್ರ. ಅವನ್ನು ಫೈಲ್ ಮಾಡಿ ಸರ್ವರ್‌ಗೆ ಹಾಕಿದ್ದೇವೆ. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದದ್ದು, ಇವತ್ತಿನ ಟಿ.ವಿ.ಯಲ್ಲಿ ಚೌಕಚೌಕವಾಗಿ ಕಾಣುತ್ತದೆ. ಆದರೂ ಅಜ್ಜಿಗೆ ಅದರಲ್ಲಿ ಎಲ್ಲರ ಮುಖವೂ ಗುರುತು ಸಿಗುತ್ತದೆ. ಇಂಥದ್ದನ್ನು ಯಾವ ಒಟಿಟಿಯೂ ತಿಂಗಳ ಚಂದಾ ತೆಗೆದುಕೊಂಡು ಕೊಡುವುದಿಲ್ಲ. ಅಮ್ಮ ಮೊದಲ ದಿನ ಡಬ್ಬಿಯನ್ನು ಎತ್ತಿ ಅಲ್ಲಾಡಿಸಿ ನೋಡಿ ‘ಎಂತ ಮಾರಾಯ್ತಿ, ಇದರೊಳಗೆ ಎಂತದೂ ಇಲ್ಲದೆ ಅಜ್ಜ ಮಾತಾಡ್ತಾರಾ?’ ಎಂದು ಕೇಳಿದ್ದು ಈ ಇಡೀ ತಂತ್ರಜ್ಞಾನಕ್ಕೆ ನಾನು ಕೇಳಿದ ಅತಿ ಚಿಕ್ಕ ವಿವರಣೆ.

ಇನ್ನು ಆಕ್ಷೇಪಗಳು. ಗೆಳೆಯರ ಮೊದಲ ಪ್ರಶ್ನೆ, ಚಿಕ್ಕ ಎಸ್‌ಎಸ್‌ಡಿ ಅಗ್ಗವಾಗಿ ಸಿಗುವಾಗ ಇದೇಕೆ? ನಿಜ. ಬರೀ ಸಿನಿಮಾ ನೋಡುವುದೇ ಗುರಿಯಾದರೆ ಎಸ್‌ಎಸ್‌ಡಿ ಹಾಕಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ. ಸ್ಮಾರ್ಟ್ ಟಿ.ವಿ. ಇದ್ದರೆ ಅದೂ ಬೇಡ. ನನ್ನ ವಾದ ಸಿನಿಮಾ ನೋಡುವವರಿಗಲ್ಲ, ಎಂಟು ಸೆಮಿಸ್ಟರ್ ಫೀಸು ಕಟ್ಟಿ ಎಂಜಿನಿಯರ್ ಆಗಲು ಹೊರಟವರಿಗೆ. ಬಾವಿಯಿಂದ ನೀರು ಸೇದುವುದು ಕಲಿಯಲು ಬಂದವರು ನಲ್ಲಿ ತಿರುಗಿಸಿ ಬಿಂದಿಗೆ ತುಂಬಿತು ಎಂದರೆ ಅದನ್ನು ಉತ್ತರ ಎನ್ನಲಾಗುತ್ತದೆಯೇ?

ವೇಗ ಸಾಲುವುದಿಲ್ಲ ಎಂಬುದು ಎರಡನೇ ಆಕ್ಷೇಪ. ಇದು ಲೆಕ್ಕ ಹಾಕದವರ ಮಾತು. ಎರಡು ಗಂಟೆಯ ಸಿನಿಮಾ 4 ಜಿಬಿ ಇದ್ದರೆ ಸೆಕೆಂಡಿಗೆ ಸರಾಸರಿ ನಾಲ್ಕೂವರೆ ಮೆಗಾಬಿಟ್ ಆಯಿತು. 100 ಎಂಬಿಪಿಎಸ್‌ನ ಹಳೆಯ ಸ್ವಿಚ್ ಕೂಡ ಅದನ್ನು ಬೆವರದೆ ಹೊರುತ್ತದೆ. ತೊಡಕಾಗುವುದು ನೆಟ್‌ವರ್ಕ್ ಅಲ್ಲ, ಪ್ರೊಸೆಸರ್. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಡಬ್ಬಿಗಳು ಎಚ್.264 ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ, ಎಚ್.265 ಬಂದರೆ ಆ ಸೌಲಭ್ಯ ಇರುವುದಿಲ್ಲ, ಏದುಸಿರು ಬಿಡುತ್ತವೆ. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ಯುಇಎಫ್‌ಐ ಯಂತ್ರಕ್ಕೆ ಬೇಕಾದ ಬೂಟ್ ಫೈಲ್ ಬೇರೆ, ಹಳೆಯ ಬಯಾಸ್‌ಗೆ ಬೇರೆ. ಹೆಚ್ಚಿನ ಡಬ್ಬಿಗಳಲ್ಲಿ ಸೆಕ್ಯೂರ್ ಬೂಟ್ ಆರಿಸಬೇಕಾಗುತ್ತದೆ. ವೈಫೈ ಮೇಲೆ ಈ ಆಟ ಸಾಮಾನ್ಯವಾಗಿ ನಡೆಯುವುದಿಲ್ಲ, ಕೇಬಲ್ ಎಳೆಯಲೇಬೇಕು.

ಮನೆಯ ರೂಟರ್ ಇನ್ನೊಂದು ಅಡ್ಡಿ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ರೂಟರ್ ವಿಳಾಸ ಹಂಚುತ್ತದೆ, ಬೂಟ್ ಫೈಲಿನ ಹೆಸರು ಹೇಳಲು ಅದರಲ್ಲಿ ಹೆಚ್ಚಾಗಿ ಜಾಗವೇ ಇರುವುದಿಲ್ಲ. ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ಇದಕ್ಕೊಂದು ನಯವಾದ ಉಪಾಯ ಇದೆ. ಪ್ರಾಕ್ಸಿ ವಿಧಾನದಲ್ಲಿ ಓಡಿಸಿದರೆ ಅದು ವಿಳಾಸ ಹಂಚುವ ರೂಟರ್‌ನ ಕೆಲಸಕ್ಕೆ ಕೈ ಹಾಕುವುದಿಲ್ಲ, ಕೂಗುತ್ತಿರುವುದು ಪಿಎಕ್ಸ್‌ಇ ಯಂತ್ರ ಎಂದು ಗುರುತಿಸಿ ಫೈಲ್ ಎಲ್ಲಿದೆ ಎಂಬುದನ್ನಷ್ಟೇ ಪಕ್ಕದಿಂದ ಹೇಳುತ್ತದೆ. ಸಂಸಾರಸ್ಥ ಮನೆಗೆ ಬಂದ ನೆಂಟರು ಇರಬೇಕಾದ ರೀತಿ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಹಾಸ್ಟೆಲ್ಲಿನ ಅಥವಾ ಕಾಲೇಜಿನ ಜಾಲದಲ್ಲಿ ಅನುಮತಿ ಇಲ್ಲದೆ ಡಿಎಚ್‌ಸಿಪಿ ಸರ್ವರ್ ಓಡಿಸಬೇಡಿ. ಇಡೀ ಹಾಸ್ಟೆಲ್ಲಿನ ಇಂಟರ್‌ನೆಟ್ ನಿಂತರೆ ಮೊದಲು ನಿಮ್ಮ ಬಾಗಿಲು ಬಡಿಯುವವರು ಸೀನಿಯರ್‌ಗಳು. ಟಿಎಫ್‌ಟಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ, ಎನ್‌ಎಫ್‌ಎಸ್‌ನ ಸಾಮಾನ್ಯ ವಿಧಾನ ಬಂದ ಯಂತ್ರ ಹೇಳಿದ್ದನ್ನೆಲ್ಲ ನಂಬುತ್ತದೆ. ಇವು ಮನೆಯೊಳಗೇ ಇರಬೇಕಾದ ಮಾತು.

ಕೆಲಸದ ಮಾತೂ ಬರಲೇಬೇಕು, ಈ ಪುಟ ಓದುವವರಲ್ಲಿ ಅರ್ಧಕ್ಕರ್ಧ ಜನ ರೆಸ್ಯೂಮೆ ಕೈಯಲ್ಲಿ ಹಿಡಿದು ಓಡಾಡುತ್ತಿರುವವರೇ. ಇದನ್ನು ಮಾಡಿದರೆ ಕೆಲಸ ಸಿಗುತ್ತದೆ ಎಂದು ನಾನು ಹೇಳಲಾರೆ. ಅಂಥ ಭರವಸೆ ಕೊಡುವವರು ಊರ ತುಂಬ ಇದ್ದಾರೆ, ಅವರ ಫಲಕಗಳು ನಮ್ಮ ಬಸ್‌ಸ್ಟ್ಯಾಂಡಿನಲ್ಲೂ ಇವೆ. ಆದರೆ ಒಂದು ಸಂಗತಿ ಇದೆ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಸಾಲುಸಾಲು ಸರ್ವರ್‌ಗಳಿಗೆ ಯಾರೂ ಪೆನ್‌ಡ್ರೈವ್ ಹಿಡಿದು ಆಪರೇಟಿಂಗ್ ಸಿಸ್ಟಮ್ ಹಾಕುತ್ತಾ ಹೋಗುವುದಿಲ್ಲ. ಅವು ಮೊದಲ ಸಲ ಕಣ್ಣು ಬಿಡುವುದು ನಮ್ಮ ಪಡಸಾಲೆಯ ಡಬ್ಬಿಯ ಹಾಗೆ ಕೇಬಲ್ಲಿನಲ್ಲಿ ಕೂಗಿಯೇ. ಮೈಕ್ರೋಸಾಫ್ಟ್‌ನ ವಿಂಡೋಸ್ ಡಿಪ್ಲಾಯ್‌ಮೆಂಟ್ ಸರ್ವಿಸಸ್, ಉಬುಂಟುವಿನ ಮಾಸ್ ಎರಡರ ಬುಡದಲ್ಲೂ ಇರುವುದು ಪಿಎಕ್ಸ್‌ಇ. ಸಂದರ್ಶನದಲ್ಲಿ ‘ಡಿಎಚ್‌ಸಿಪಿ ಹೇಗೆ ಕೆಲಸ ಮಾಡುತ್ತದೆ’ ಎಂದು ಕೇಳಿದರೆ ನಾಲ್ಕು ಹಂತಗಳ ಹೆಸರು ಎಲ್ಲರೂ ಹೇಳುತ್ತಾರೆ. ‘ಉತ್ತರ ಬರಲಿಲ್ಲವಾದರೆ ಎಲ್ಲಿ ಹುಡುಕುತ್ತೀರಿ’ ಎಂಬ ಮುಂದಿನ ಪ್ರಶ್ನೆಗೆ ಪ್ರಾಜೆಕ್ಟ್ ಅಂಗಡಿಯ ಪ್ಯಾಕೇಜಿನಲ್ಲಿ ಉತ್ತರ ಇರುವುದಿಲ್ಲ.

ಇದು ನಮ್ಮೊಬ್ಬೊಬ್ಬರ ಮನೆಯ ಮಾತಷ್ಟೇ ಆಗಿ ಉಳಿಯಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್‌ನ ಏಳನೇ ಪೀಳಿಗೆಯ ಮತ್ತು ಅದಕ್ಕೂ ಹಿಂದಿನ ಬಹುತೇಕ ಯಂತ್ರಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗೆಂದು ಗಟ್ಟಿಮುಟ್ಟಾದ ಲ್ಯಾಬ್ ಕಂಪ್ಯೂಟರ್‌ಗಳು ಗುಜರಿ ಸೇರಬೇಕೇ? ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಎಂಬುದು 1999ರಿಂದಲೂ ಇದೆ. ಒಂದು ಒಳ್ಳೆಯ ಸರ್ವರ್ ಇಟ್ಟುಕೊಂಡು, ಡಿಸ್ಕ್ ಕೆಟ್ಟ ಹತ್ತಾರು ಯಂತ್ರಗಳನ್ನು ನೆಟ್‌ವರ್ಕ್ ಮೂಲಕ ಓಡಿಸುವುದೇ ಅದರ ಕಸುಬು. ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆದದ್ದು. ಒಂದು ಕಡೆ ತಂತ್ರಾಂಶ ಸರಿಮಾಡಿದರೆ ಎಲ್ಲ ಯಂತ್ರಗಳಲ್ಲೂ ಸರಿಯಾಗುತ್ತದೆ, ಯಾರೋ ವಾಲ್‌ಪೇಪರ್ ಬದಲಿಸಿದರೆ, ವೈರಸ್ ತಂದರೆ, ಮರುದಿನ ಸ್ವಿಚ್ ಹಾಕಿದಾಗ ಎಲ್ಲ ಮೊದಲಿನಂತೆ ಇರುವ ಹಾಗೆ ಮಾಡಬಹುದು. ಕಾಲೇಜಿನ ಮೂಲೆಯಲ್ಲಿ ಹೊದಿಕೆ ಹೊದ್ದು ಕುಳಿತಿರುವ ಹಳೆಯ ಯಂತ್ರಗಳಲ್ಲಿ ಹತ್ತನ್ನು ಆರನೇ ಸೆಮಿಸ್ಟರಿನವರ ಕೈಗೆ ಕೊಟ್ಟು, ಇವನ್ನು ಡಿಸ್ಕ್ ಇಲ್ಲದೆ ಎಬ್ಬಿಸಿ ತೋರಿಸಿ ಎಂದರೆ ಅದಕ್ಕಿಂತ ಒಳ್ಳೆಯ ಮಿನಿ ಪ್ರಾಜೆಕ್ಟ್ ಯಾವುದಿದೆ? ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ, ವೈವಾ ಬೇಕಾಗುವುದಿಲ್ಲ, ಯಂತ್ರ ಎದ್ದರೆ ಪಾಸು. ಕೆಲಸ ಮುಗಿದ ಮೇಲೆ ಹತ್ತಿರದ ಸರ್ಕಾರಿ ಶಾಲೆಗೆ ಒಂದು ಲ್ಯಾಬ್ ಸಿದ್ಧ.

ಡಬ್ಬಿ ಕೊಳ್ಳಲು ಈ ತಿಂಗಳು ದುಡ್ಡಿಲ್ಲವೆಂದರೆ ಅದಕ್ಕೂ ದಾರಿಯುಂಟು. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಯಂತ್ರ ಮಾಡಿ. ಒಂದಕ್ಕೆ ಡೆಬಿಯನ್ ಹಾಕಿ, ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಮತ್ತು ಎನ್‌ಎಫ್‌ಎಸ್ ಸರ್ವರ್ ಕೂರಿಸಿ. ಇನ್ನೊಂದಕ್ಕೆ ಡಿಸ್ಕನ್ನೇ ಕೊಡಬೇಡಿ. ಎರಡನ್ನೂ ‘ಇಂಟರ್ನಲ್ ನೆಟ್‌ವರ್ಕ್’ಗೆ ಜೋಡಿಸಿ, ಹೊರಗಿನ ರೂಟರ್ ನಡುವೆ ಬಾಯಿ ಹಾಕುವುದಿಲ್ಲ. ಅಲ್ಲಿ ವಿಳಾಸ ಹಂಚುವ ಕೆಲಸವೂ ನಿಮ್ಮ ಡೆಬಿಯನ್ನಿನದೇ. ಎರಡನೆಯದರ ಬೂಟ್ ಕ್ರಮದಲ್ಲಿ ನೆಟ್‌ವರ್ಕನ್ನು ಮೇಲೆ ತಂದು ಸ್ಟಾರ್ಟ್ ಒತ್ತಿ. ಡಿಎನ್‌ಎಸ್‌ಮಾಸ್ಕ್ ಚಾಲೂ ಮಾಡುವುದಕ್ಕೆ ಮೊದಲೇ ಒಮ್ಮೆ ಒತ್ತಿ ನೋಡಿ. ಯಾರೂ ಉತ್ತರಿಸದ ಆ ಕೂಗು ಸೋತು ನಿಲ್ಲುವುದನ್ನು ಒಂದು ಸಲ ಕಣ್ಣಾರೆ ನೋಡಿಟ್ಟುಕೊಳ್ಳಿ, ಆಮೇಲೆ ಅದನ್ನು ಚಾಲೂ ಮಾಡಿ.